ಸಾಯಬಣ್ಣನ ಮನೆಯ ಮೂರನೇ ಖೋಲಿ

೧೯೮೪ರ ಫೆಬ್ರವರಿ. ಆಗ ನಾನು ವಾಡಿಯಲ್ಲಿ ಒಬ್ಬ ಲೈಸೆನ್ಸುದಾರ ಗುತ್ತಿಗೆದಾರರ ಹತ್ತಿರ ವೈರಿಂಗ್ ಸೂಪರ್‌ವೈಜರ್ ಆಗಿದ್ದೆ. ವಯಸ್ಸು ನಲವತ್ತೊಂದು. ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮನೆಗಳ ಕೆಲಸವೆಲ್ಲ ನನ್ನ ಮೇಲಿತ್ತು. ಸೂಪರ್‌ವೈಜರ್ ಎಂದರೆ ಕಂಬ ಹತ್ತುವವನಲ್ಲ, ವೈರು ಎಳೆಯುವವನೂ ಅಲ್ಲ. ಬೇರೆಯವರು ಎಳೆದ ವೈರನ್ನು ಪರೀಕ್ಷೆ ಮಾಡಿ 'ಟೆಸ್ಟ್ ರಿಪೋರ್ಟ್' ಎಂಬ ಹಾಳೆಗೆ ಸಹಿ ಹಾಕುವವನು. ಆ ಸಹಿ ಇಲ್ಲದೆ ವಿದ್ಯುತ್ ಮಂಡಳಿಯವರು ಯಾರ ಮನೆಗೂ ಕರೆಂಟ್ ಕೊಡುತ್ತಿರಲಿಲ್ಲ. ನನ್ನ ಹೆಂಡತಿ ನೆಂಟರೆದುರು ನನ್ನನ್ನು "ಸಹಿ ಮಾಡಿ ಉಣ್ಣೋರು" ಎಂದು ಚುಡಾಯಿಸುತ್ತಿದ್ದಳು. ನಾನು ಮೇಲೆ ಮುಖ ಗಂಟಿಕ್ಕಿದರೂ ಒಳಗೆ ನನಗೆ ಆ ಮಾತು ಹಿಡಿಸುತ್ತಿತ್ತು.

ಕಾಯ್ದೆಯ ಪ್ರಕಾರ ಮನೆಯ ವೈರಿಂಗ್ ಮಾಡುವವನಿಗೆ ಪರವಾನಗಿ ಇರಬೇಕು. ರೂಢಿಯಲ್ಲಿ ನಡೆಯುತ್ತಿದ್ದದ್ದು ಬೇರೆ. ಎಷ್ಟೋ ಮನೆಗಳಲ್ಲಿ ಯಜಮಾನನೋ ಅವನ ಸೋದರಮಾವನೋ ವೈರು ಎಳೆದು ಮುಗಿಸಿರುತ್ತಿದ್ದರು. ಆಮೇಲೆ ನಾವು ಹೋಗಿ, ಬೈದು, ತಿದ್ದಿಸಿ, ಸಹಿ ಹಾಕುತ್ತಿದ್ದೆವು. ಬೈಯುವುದರಲ್ಲಿ ನಾನು ಮುಂದಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಹೇಳುತ್ತಿದ್ದದ್ದು ಸುಳ್ಳಲ್ಲ.

ಹೀಗೆ ಒಂದು ದಿನ ಶಹಾಬಾದಿನಿಂದ ಗಂಡ ಹೆಂಡತಿ ಇಬ್ಬರು ನಮ್ಮ ಆಫೀಸಿಗೆ ಬಂದರು. ಗಂಡನ ಹೆಸರು ಸಾಯಬಣ್ಣ, ಐವತ್ತರ ಆಸುಪಾಸು. ಹೆಂಡತಿ ಶರಣಮ್ಮ. ಸಾಯಬಣ್ಣ ಫರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಕಲ್ಲು ಮಾರುವ ಅಡ್ಡೆಯೊಂದರಲ್ಲಿ ಕಲ್ಲು ಆರಿಸುವ ಕೆಲಸದಲ್ಲಿದ್ದ. ಶಹಾಬಾದಿನ ಕಲ್ಲು ನೆಲದೊಳಗಿಂದ ಪದರ ಪದರವಾಗಿ ಏಳುತ್ತದೆ. ಒಂದು ಪದರ ನೀಲಿ, ಇನ್ನೊಂದು ಹಳದಿ, ಕೆಲವು ತುಸು ಗುಲಾಬಿ. ಕೊಳ್ಳುವವರ ಲಾರಿಯಲ್ಲಿ ಒಂದೇ ಬಣ್ಣದ ಕಲ್ಲು ಇರಬೇಕು. ನೀಲಿ ಲೋಡಿನಲ್ಲಿ ಒಂದು ಹಳದಿ ಕಲ್ಲು ಹೋದರೂ ಅಲ್ಲಿಂದ ತಕರಾರು ಬರುತ್ತದೆ. ಆ ಬಣ್ಣಗಳನ್ನು ಬೇರೆ ಮಾಡಿ ಇಡುವುದೇ ಸಾಯಬಣ್ಣನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಅದಕ್ಕೂ ಮೊದಲು ಮನೆಗಳಿಗೆ ಫರ್ಸಿ ಕೂಡಿಸುತ್ತಿದ್ದನಂತೆ.

ಅವರ ಮನೆಯ ಹಳೆಯ ವೈರಿಂಗ್ ಮರದ ಪಟ್ಟಿಯದು. ಗೆದ್ದಲು ಪಟ್ಟಿಯನ್ನು ತಿಂದು, ವೈರು ಬಯಲಾಗಿ, ಗೋಡೆ ಮುಟ್ಟಿದರೆ ಜುಮ್ ಅನ್ನುವ ಹಾಗಾಗಿತ್ತು. ಮಂಡಳಿಯವರು ಫ್ಯೂಸ್ ಕಿತ್ತು, ಪೂರ್ತಿ ಹೊಸ ವೈರಿಂಗ್ ಮಾಡಿಸಿ ಟೆಸ್ಟ್ ರಿಪೋರ್ಟ್ ತನ್ನಿ ಎಂದು ನೋಟೀಸು ಕೊಟ್ಟು ಹೋಗಿ ಎಂಟು ತಿಂಗಳಾಗಿತ್ತು. ಅಂದಿನಿಂದ ಕಂದೀಲೇ ಗತಿ.

"ನಾನೇ ಮಾಡೀನ್ರಿ ಸಾಹೇಬ್ರ," ಎಂದ ಸಾಯಬಣ್ಣ. "ಐದು ತಿಂಗಳು ಹಿಡೀತು. ನೀವು ಒಮ್ಮಿ ಬಂದು ನೋಡಿ ಸಹಿ ಹಾಕ್ರಿ."

"ವೈರ್‌ಮನ್ ಯಾರೂ ಸಿಗಲಿಲ್ಲೇನು ನಿಮಗ?"

ಉತ್ತರ ಕೊಟ್ಟವಳು ಶರಣಮ್ಮ. "ಎಲ್ಲಾರೂ ಆದಿತ್ಯನಗರಕ್ಕ ಹೋಗಿ ಕುಂತಾರ್ರಿ. ನಾಳಿ ಬರ್ತೀವಿ, ನಾಡದು ಬರ್ತೀವಿ ಅಂತಾರ. ಬಂದಿಲ್ರಿ."

ಅದು ಖರೆಯೇ. ಮಳಖೇಡದ ಹತ್ತಿರ ಸಿಮೆಂಟ್ ಕಾರ್ಖಾನೆಯ ಆದಿತ್ಯನಗರ ಕಾಲನಿ ಏಳುತ್ತಿತ್ತು. ಈ ಭಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಬಂದವರೆಲ್ಲ ಅಲ್ಲಿದ್ದರು. ನಾನೂ ವಾರದಲ್ಲಿ ಮೂರು ದಿನ ಅಲ್ಲೇ ಇರುತ್ತಿದ್ದೆ.

ರೂಢಿಯಂತೆ ಎರಡು ಮಾತು ಬೈದು, ನಾನು ಬರುವ ದಿನಕ್ಕೆ ಮನೆ ಹೇಗೆ ಸಿದ್ಧವಾಗಿರಬೇಕು ಎಂದು ಹೇಳಿದೆ. ಬಲ್ಬುಗಳನ್ನೆಲ್ಲ ತೆಗೆದಿಡಬೇಕು. ಫ್ಯೂಸ್ ಹಾಕಿರಬೇಕು, ಸ್ವಿಚ್ಚುಗಳೆಲ್ಲ ಆನ್ ಇರಬೇಕು. ಸ್ವಿಚ್ ಬೋರ್ಡುಗಳ ಮುಚ್ಚಳ ಬಿಚ್ಚಿರಬೇಕು. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಒಂದು ನಕ್ಷೆ ಬರೆದಿಡಬೇಕು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗೆ ಹಿಂದಿನ ದಿನವೇ ನೀರು ಹಾಕಿರಬೇಕು. ಶರಣಮ್ಮ ಒಂದು ಲಗ್ನಪತ್ರಿಕೆಯ ಹಿಂಬದಿಗೆ ಇದನ್ನೆಲ್ಲ ಬರೆದುಕೊಂಡಳು. ನಾಲ್ಕನೆಯ ಇಯತ್ತೆ ಓದಿದ ಹೆಂಗಸಿನ ದುಂಡಗಿನ ಅಕ್ಷರ. ಸಾಯಬಣ್ಣ ಆ ಕಾಗದದತ್ತ ನೋಡಲೂ ಇಲ್ಲ. ಗಂಡಸಿನ ಬಿಗುಮಾನ ಎಂದುಕೊಂಡೆ.

ಒಂದು ಮಾತು ಮಾತ್ರ ನಾನು ಹೇಳಲಿಲ್ಲ. ವೈರಿಗೆ ವೈರು ಕೂಡಿಸಿದ ಜಾಗ, ಅಂದರೆ ಜಾಯಿಂಟ್, ಬಿಚ್ಚಿ ನೋಡಲು ಬರುವ ಪೆಟ್ಟಿಗೆಯೊಳಗೇ ಇರಬೇಕು. ಗೋಡೆಯೊಳಗೆ ಹೂಳಬಾರದು. ನಮ್ಮ ಕಸುಬಿನಲ್ಲಿ ಇದು ಅ ಆ ಇ ಈ. ಅಷ್ಟು ಸಣ್ಣ ಮಾತನ್ನು ಯಾರಾದರೂ ಹೇಳುತ್ತಾರೆಯೇ? ಅದಕ್ಕೇ ಹೇಳಲಿಲ್ಲ.

ಮುಂದಿನ ಗುರುವಾರ ಹನ್ನೊಂದರ ಪ್ಯಾಸೆಂಜರಿಗೆ ಶಹಾಬಾದಿನಲ್ಲಿ ಇಳಿದೆ. ಹೆಗಲಿಗೆ ಮೆಗ್ಗರ್ ಎಂಬ ಪರೀಕ್ಷೆಯ ಪೆಟ್ಟಿಗೆ, ಕೈಚೀಲದಲ್ಲಿ ಕರೆಂಟಿನ ಗಂಟೆ, ಎರಡು ಸೆಲ್, ಒಂದು ಸುತ್ತು ಉದ್ದ ವೈರು. ವಾಪಸು ಗಾಡಿ ನಾಲ್ಕೂಕಾಲಿಗೆ ಇತ್ತು.

ಮೂರು ಖೋಲಿಯ ಮನೆ, ಒಂದು ಕೋಣೆಯ ಹಿಂದೆ ಇನ್ನೊಂದು. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಮೇಲೆ ಹೊದಿಸಿದ್ದೂ ಕಲ್ಲೇ. ಹೆಣ್ಣು ನೋಡಲು ಬೀಗರು ಬರುವ ಮನೆಯ ಹಾಗೆ ಸಾರಿಸಿ ಗುಡಿಸಿ ಇಟ್ಟಿದ್ದರು. ಬಲ್ಬುಗಳು ಒಂದು ಬುಟ್ಟಿಯಲ್ಲಿ, ಬೋರ್ಡಿನ ಮುಚ್ಚಳಗಳು ಇನ್ನೊಂದರಲ್ಲಿ, ಪ್ರತಿ ಮುಚ್ಚಳದ ಸ್ಕ್ರೂ ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ. ನಕ್ಷೆಯನ್ನು ಬಾಗಿಲ ಹಿಂದೆ ಅಂಟಿಸಿದ್ದರು. ನಾನು ಲೈಸೆನ್ಸ್ ಇದ್ದ ವೈರ್‌ಮನ್‌ಗಳ ಹತ್ತಿರವೂ ಅಂಥ ತಯಾರಿ ಕಂಡಿರಲಿಲ್ಲ.

ಆದರೆ ಗೋಡೆಯ ಮೇಲೆ ಒಂದೂ ಪೈಪು ಕಾಣಲಿಲ್ಲ, ಒಂದೂ ಪೆಟ್ಟಿಗೆ ಕಾಣಲಿಲ್ಲ. ಬೋರ್ಡು ಬಿಟ್ಟರೆ ಬರಿ ಕಲ್ಲು.

"ಜಾಯಿಂಟ್ ಎಲ್ಲಿ ಅವ?" ಎಂದು ಕೇಳಿದೆ.

ಸಾಯಬಣ್ಣನ ಮುಖ ಅರಳಿತು. "ಒಳಗ ಅವ್ರಿ. ಎಲ್ಲಿ ಅವ ನೀವೇ ಹೇಳ್ರಿ ನೋಡೋಣು."

ಕಲ್ಲು ಕಲ್ಲಿನ ಸಂದಿಯಲ್ಲಿ ಉಳಿಯಿಂದ ಕಾಲುವೆ ಕೊರೆದು, ಪೈಪು ಕೂಡಿಸಿ, ವೈರು ಎಳೆದು, ಮೇಲೆ ಕಲ್ಲಿನದೇ ತೆಳು ಪಟ್ಟಿ ಮುಚ್ಚಿ, ಕಲ್ಲಿನ ಪುಡಿ ಕಲಸಿ ಸಂದು ತುಂಬಿದ್ದ. ಅವನು ಗೋಡೆಯನ್ನು ಅಂಗೈಯಿಂದ ಸವರಿ ತೋರಿಸಿದ, ನಾನು ಸವರಿದರೂ ಗುರುತು ಹತ್ತಲಿಲ್ಲ. ವೈರು ಕೂಡಿಸಿದ ಕಡೆಯಲ್ಲೆಲ್ಲ ಹೀಗೆಯೇ ಮುಚ್ಚಿದ್ದ. ಫರ್ಸಿ ಕೂಡಿಸುವವನಿಗೆ ಜೋಡು, ಅಂದರೆ ಕಲ್ಲಿಗೆ ಕಲ್ಲು ಕೂಡಿದ ಜಾಗ, ಕಂಡರೆ ಮಾನ ಹೋದಂತೆ. ಇಡೀ ಜನ್ಮ ಜೋಡು ಮುಚ್ಚುವುದನ್ನೇ ಕಲಿತ ಮನುಷ್ಯ ನನ್ನ ಮುಂದೆ ತನ್ನ ಅತಿ ಒಳ್ಳೆಯ ಕೆಲಸ ತಂದಿಟ್ಟಿದ್ದ. ಅದನ್ನು ಒಲ್ಲೆ ಎನ್ನಬೇಕಾದವನು ನಾನು.

ಆಗಲೇ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದುಬರಬೇಕಿತ್ತು. ಯಾಕೋ ಮನಸ್ಸು ಬರಲಿಲ್ಲ. ಮೊದಲು ಅರ್ಥಿಂಗ್ ನೋಡೋಣ ಎಂದು ಹಿತ್ತಲಿಗೆ ಹೋದೆ. ಶಹಾಬಾದಿನಲ್ಲಿ ಎರಡು ಅಡಿ ಅಗೆದರೆ ಬಂಡೆ ಸಿಗುತ್ತದೆ. ಅಲ್ಲಿಯ ಮನೆಗಳ ಅರ್ಥಿಂಗ್ ಗುಂಡಿ ಎಂದರೆ ಹೆಸರಿಗೆ ಮಾತ್ರ. ಸಾಯಬಣ್ಣ ಬಂಡೆ ಒಡೆದು ಎಂಟು ಅಡಿ ಇಳಿದಿದ್ದ. ಪೈಪಿನ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದ್ದ. ಅಂಥ ಗುಂಡಿಯನ್ನು ಆ ಊರಿನಲ್ಲಿ ಆಮೇಲೂ ನಾನು ಕಾಣಲಿಲ್ಲ.

ಒಳಗೆ ಬಂದು ಮೆಗ್ಗರ್ ಹಚ್ಚಿದೆ. ಅದರ ಹಿಡಿಕೆ ತಿರುಗಿಸಿದರೆ ಒಳಗಿನ ಸಣ್ಣ ಜನರೇಟರು ೫೦೦ ವೋಲ್ಟ್ ಕೊಡುತ್ತದೆ. ವೈರಿನ ಹೊದಿಕೆ ಎಲ್ಲಾದರೂ ಹರಿದು ಕರೆಂಟು ಸೋರುತ್ತಿದ್ದರೆ ಮುಳ್ಳು ಸೊನ್ನೆಯ ಕಡೆ ಬೀಳುತ್ತದೆ. ಇಡೀ ಮನೆಗೆ ಕನಿಷ್ಠ ಒಂದು ಮೆಗ್-ಓಂ ಬಂದರೆ ಪಾಸು. ಸಾಯಬಣ್ಣನ ಮನೆಯಲ್ಲಿ ಮುಳ್ಳು ಮೂವತ್ತೆಂಟಕ್ಕೆ ಹೋಗಿ ನಿಂತಿತು. ಎರಡು ಸಲ ತಿರುಗಿಸಿದೆ, ಮೂವತ್ತೆಂಟೇ. ನನಗೆ ನಗು ಬಂತು. ಜಾಯಿಂಟ್ ಮುಚ್ಚಿದ್ದರೆ ಮುಚ್ಚಿರಲಿ, ಇಷ್ಟು ಚೆನ್ನಾಗಿದ್ದ ಕೆಲಸಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬಹುದು ಎಂದು ಅಲ್ಲೇ ನಿಶ್ಚಯ ಮಾಡಿಬಿಟ್ಟೆ.

ಉಳಿದದ್ದು ಗಂಟೆ ಪರೀಕ್ಷೆ. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ತೂತು ಅರ್ಥಿನದು, ಹಸಿರು ವೈರು. ಕೆಳಗಿನ ಎರಡರಲ್ಲಿ ಒಂದು ಕರೆಂಟ್ ಬರುವ ಕೆಂಪು, ಇನ್ನೊಂದು ವಾಪಸು ಹೋಗುವ ಕಪ್ಪು. ಸಾಕೆಟ್ಟಿನ ಅರ್ಥಿಗೂ ಮೇನ್ ಬೋರ್ಡಿನ ಅರ್ಥಿಗೂ ನಡುವೆ ಸೆಲ್ಲು, ಗಂಟೆ ಹಚ್ಚಿದರೆ ಗಂಟೆ ಬಾರಿಸಬೇಕು. ಮೊದಲ ಖೋಲಿಯಲ್ಲಿ ಬಾರಿಸಿತು. ಎರಡನೆಯದರಲ್ಲೂ ಬಾರಿಸಿತು. ಸಾಯಬಣ್ಣ ತಲೆ ಬಾಗಿಸಿ, ಭಜನೆ ಕೇಳುವವನ ಹಾಗೆ ಆ ಸದ್ದು ಕೇಳುತ್ತಿದ್ದ. ಅಲ್ಲಿಯವರೆಗೆ ಯಾವ ವೈರು ಯಾವುದು ಎಂದು ನಾನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟವಳು ಶರಣಮ್ಮನೇ. ಕೆಂಪು ಯಾವ ಗೇಜಿನದು, ಕಪ್ಪು ಎಲ್ಲಿಂದ ಬಂದದ್ದು, ಎಲ್ಲ ಅವಳ ಬಾಯಲ್ಲೇ. "ಈ ಮನಿ ವೈರ್‌ಮನ್ ಯಾರು, ನೀವೋ ಅವರೋ?" ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಗಡಿಯಾರ ನೋಡಿಕೊಂಡೆ. ಮೂರೂವರೆ. ಮೂರನೇ ಖೋಲಿಗೆ ಇಣುಕಿ ಸಾಕೆಟ್ ನೋಡಿದೆ. ಹಸಿರಿನ ಜಾಗದಲ್ಲಿ ಹಸಿರು, ಕೆಂಪಿನ ಜಾಗದಲ್ಲಿ ಕೆಂಪು. ಕಣ್ಣಿಗೆ ಎಲ್ಲ ಸರಿ ಇತ್ತು. ಕುಂತು ಪೆನ್ನು ತೆಗೆದೆ.

"ಸಾಹೇಬ್ರ," ಎಂದಳು ಶರಣಮ್ಮ, "ಆ ಖೋಲಿನೂ ಗಂಟಿ ಬಾರಿಸಿ ನೋಡ್ರಿ."

"ನೋಡೀನಲ್ಲವಾ, ಸರಿ ಅದ."

"ಇಲ್ರಿ, ನೋಡ್ರಿ. ಆ ವಾರ ನಾ ಊರಾಗ ಇದ್ದಿಲ್ರಿ. ನಮ್ಮ ತವರೂರು ಕೊಡ್ಲಿಯೊಳಗ ನಮ್ಮವ್ವ ತೀರಿಕೊಂಡಿದ್ಳು."

ಅವಳ ತಾಯಿ ಸತ್ತದ್ದಕ್ಕೂ ಸಾಕೆಟ್ಟಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಸಾಯಬಣ್ಣ "ಇರಲಿ ಬಿಡು" ಎಂದ, ಅವಳು ಕೇಳಲಿಲ್ಲ. ಬೇಸರದಿಂದಲೇ ಎದ್ದು ವೈರು ಹಚ್ಚಿದೆ. ಗಂಟೆ ಬಾರಿಸಲಿಲ್ಲ. ಸೆಲ್ಲು ತಿರುಗಿಸಿ ಹಚ್ಚಿದೆ, ಇಲ್ಲ. ಸುಮ್ಮನೆ ನೋಡೋಣವೆಂದು ಅರ್ಥಿನ ತೂತು ಬಿಟ್ಟು ಕೆಂಪಿನ ತೂತಿಗೆ ವೈರು ಇಟ್ಟೆ. ಗಂಟೆ ಖಣಖಣ ಬಾರಿಸಿತು.

ಬಾರಿಸಬಾರದ ಜಾಗದಲ್ಲಿ ಬಾರಿಸಿತು ಎಂದರೆ ಕಾರಣ ಒಂದೇ. ಗೋಡೆಯೊಳಗೆ ಎಲ್ಲೋ ಒಂದು ಜಾಯಿಂಟಿನಲ್ಲಿ ಕೆಂಪಿಗೆ ಹಸಿರು, ಹಸಿರಿಗೆ ಕೆಂಪು ಕೂಡಿದೆ. ಹೊದಿಕೆ ಹರಿದಿಲ್ಲವಾದ್ದರಿಂದ ಮೆಗ್ಗರಿಗೆ ಅದು ಗೊತ್ತಾಗುವುದಿಲ್ಲ. ಸಾಕೆಟ್ಟಿನ ಹತ್ತಿರ ಬಣ್ಣ ಸರಿಯಾಗಿರುವುದರಿಂದ ಕಣ್ಣಿಗೂ ಗೊತ್ತಾಗುವುದಿಲ್ಲ.

ಆ ಖೋಲಿಯ ಮೂಲೆಯಲ್ಲಿ ಒಂದು ಕಬ್ಬಿಣದ ದೀಪದ ಕಂಬ ನಿಂತಿತ್ತು. ಎದೆಮಟ್ಟದ್ದು, ಸಾಯಬಣ್ಣನೇ ಪೈಪು ಬಗ್ಗಿಸಿ ಮಾಡಿದ್ದು. ತುದಿಗೆ ೨೦೦ ವ್ಯಾಟಿನ ಬಲ್ಬಿನ ಹೋಲ್ಡರು, ಕೆಳಗೆ ಮೂರು ಪಿನ್ನು. ಕಬ್ಬಿಣಕ್ಕೆ ಅರ್ಥ್ ವೈರನ್ನೂ ಶಿಸ್ತಾಗಿ ಕೂಡಿಸಿದ್ದ. ಅದನ್ನು ಆ ಸಾಕೆಟ್ಟಿಗೆ ಹಾಕಿ ಸ್ವಿಚ್ ಒತ್ತಿದ್ದರೆ ದೀಪ ಹತ್ತುತ್ತಿರಲಿಲ್ಲ. ಕಬ್ಬಿಣಕ್ಕೆಲ್ಲ ೨೩೦ ವೋಲ್ಟ್ ಏರಿರುತ್ತಿತ್ತು. ದೀಪ ಯಾಕೆ ಹತ್ತಲಿಲ್ಲ ಎಂದು ನೋಡಲು ಅವನು ಮೊದಲು ಕೈ ಇಡುವುದು ಆ ಕಂಬದ ಮೇಲೆಯೇ.

ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ. "ಬುದ್ಧಿ ಅದ ಏನ್ರಿ ನಿಮಗ? ಕೆಂಪು ಯಾವುದು ಹಸಿರು ಯಾವುದು ಅಂತ ಸಣ್ಣ ಕೂಸೂ ಹೇಳತದ. ಕಣ್ಣ ಎಲ್ಲಿ ಇಟ್ಟಿದ್ರಿ?" ಎಂದು ಕೂಗಾಡಿದೆ.

ಸಾಯಬಣ್ಣ ನೆಲದ ಮೇಲೆ ಕುಂತ.

"ಕಣ್ಣ ಇಲ್ರಿ ಸಾಹೇಬ್ರ," ಎಂದ. "ಬಲಗಣ್ಣ ಹೋಗಿ ಮೂರು ವರ್ಷ ಆತು. ಎಡಗಣ್ಣಾಗ ನಸು ನಸು ಕಾಣ್ತದ. ಸೊಲ್ಲಾಪುರದ ದವಾಖಾನಿಗಿ ಹೋಗಿ ಬಂದೀವಿ. ಇರೋತನಕ ಇರತದ, ಏನೂ ಮಾಡಲಿಕ್ಕ ಬರಂಗಿಲ್ಲ ಅಂದ್ರು."

ಆಗ ನನಗೆ ಎಲ್ಲ ತಿಳಿಯಿತು. ಅವನು ಕಾಗದ ನೋಡದಿದ್ದದ್ದು, ಗೋಡೆಯನ್ನು ಅಂಗೈಯಿಂದ ಸವರಿದ್ದು, ಬಣ್ಣದ ಮಾತನ್ನೆಲ್ಲ ಹೆಂಡತಿ ಆಡಿದ್ದು. ವೈರ್‌ಮನ್ ಸಿಗಲಿಲ್ಲ ಎನ್ನುವುದು ಅರ್ಧ ಮಾತು. ಹೊರಗಿನವನು ಎಂಟು ದಿನ ಮನೆಯೊಳಗೆ ಕೆಲಸ ಮಾಡಿದರೆ ಸಾಯಬಣ್ಣನಿಗೆ ಕಾಣುವುದಿಲ್ಲ ಎಂದು ಗೊತ್ತಾಗುತ್ತದೆ, ಗೊತ್ತಾದರೆ ಅಡ್ಡೆಗೆ ಸುದ್ದಿ ಮುಟ್ಟುತ್ತದೆ. ಆ ಹೆದರಿಕೆಗೆ ಗಂಡ ಹೆಂಡತಿ ಸೇರಿ ಇಡೀ ಮನೆ ವೈರಿಂಗ್ ಮಾಡಿದ್ದರು. ಅವಳು ಬಣ್ಣ ಹೇಳುವುದು, ಅವನು ಕೈ ಆಡಿಸುವುದು. ಅವಳು ಕೊಡ್ಲಿಗೆ ಹೋದ ವಾರ ಮಾತ್ರ ಅವನು ಸುಮ್ಮನೆ ಕೂಡಲಾರದೆ ಮೂರನೇ ಖೋಲಿಯನ್ನು ಒಬ್ಬನೇ ಮುಗಿಸಿದ್ದ.

"ಬಣ್ಣ ಕಾಣಲಾರದವರು ಅಡ್ಡೆಯೊಳಗ ಕಲ್ಲು ಹೆಂಗ ಆರಿಸ್ತೀರಿ?" ಎಂದೆ. ನನ್ನ ದನಿ ಇಳಿದಿತ್ತು.

ಶರಣಮ್ಮ ಗೂಡಿನಿಂದ ಒಂದು ತಟ್ಟೆ ತಂದಳು. ಅದರ ತುಂಬ ಅಂಗೈಯಗಲದ ಕಲ್ಲಿನ ಚೂರುಗಳು. ಸಾಯಬಣ್ಣ ಒಂದನ್ನು ಎತ್ತಿ ಉಗುರಿನಿಂದ ಬಾರಿಸಿದ. "ನೀಲಿ ಕಲ್ಲು ಬಾರಿಸಿದರ ನುಡೀತದ್ರಿ. ಹಳದೀದು ಜರಾ ಮಣ್ಣು ಹತ್ತಿದಂಗ ಇರತದ ಕೈಗಿ. ಗುಲಾಬಿ ಇನ್ನಾ ಹಿಡದಿಲ್ಲ. ಕೈ ಹೇಳಿದ್ದು ಖರೆನೋ ಸುಳ್ಳೋ ಅಂತ ಕಣ್ಣ ಹೇಳಬೇಕಲ್ರಿ? ದೊಡ್ಡ ಬಲ್ಬಿನ ಬುಡಕ್ಕ ಹಿಡದ್ರ ಇನ್ನಾ ಫರಕ್ ಕಾಣ್ತದ್ರಿ ನನಗ. ಬಿಸಿಲಾಗ ಕಣ್ಣ ಕೋರೈಸಿ ಎಲ್ಲಾ ಬೆಳ್ಳಗ ಆಗತದ. ಕಂದೀಲಿಗಿ ಎಲ್ಲಾ ಕರ್ರಗ. ಕಣ್ಣ ಹೋಗೂದ್ರಾಗ ಕೈ ಕಲೀಬೇಕ್ರಿ. ಒಂದು ನಾಕೈದು ತಿಂಗಳು ಲೈಟ್ ಇದ್ರ ಸಾಕ್ರಿ ನನಗ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಕೈ ಕಲಿತರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕಲಿಯಲು ಬೆಳಕು ಬೇಕು, ಬೆಳಕಿಗೆ ನನ್ನ ಸಹಿ ಬೇಕು. ನಾನು ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಕುಂತೆ.

ಮೂರನೇ ಖೋಲಿಯ ವೈರನ್ನು ಮೇನ್ ಬೋರ್ಡಿನಲ್ಲೇ ಕತ್ತರಿಸಿ, ಉಳಿದೆರಡಕ್ಕೆ ಸಹಿ ಹಾಕಿದರೆ ಹೇಗೆ ಎಂದು ಯೋಚಿಸಿದೆ. ದೀಪದ ಕಂಬವನ್ನು ಮೊದಲ ಖೋಲಿಗೆ ತಂದಿಟ್ಟುಕೊಳ್ಳಬಹುದಲ್ಲ! ಸಾಯಬಣ್ಣನನ್ನೇ ಕೇಳಿದೆ. "ಬ್ಯಾರೆ ಖೋಲಿಯೊಳಗ ಒಮ್ಮಿನೂ ಒಬ್ಬರೇ ಕೂಡಿಸಿಲ್ಲೇನು?" "ಒಂದೆರಡು ಕಡಿ ಕೂಡಿಸೀನ್ರಿ. ಆಕಿ ನೀರಿಗಿ ಹೋದಾಗ. ವೈರಿಗಿ ಗಂಟು ಹಾಕಿ ಬಣ್ಣದ ಗುರುತು ಇಟ್ಟಿದ್ದೆ." ಎಲ್ಲಿ ಎಂದರೆ ನೆನಪಿಲ್ಲ. ಗಂಟೆ ಇವತ್ತು ಬಾರಿಸುತ್ತದೆ, ನಾಳೆ ಗೋಡೆಯೊಳಗೆ ಒಂದು ಜಾಯಿಂಟ್ ಸಡಿಲವಾದರೆ ಬಿಚ್ಚಿ ನೋಡುವವರು ಯಾರು? ಸುಳ್ಳು ಹೇಳಬಹುದಿತ್ತು ಅವನು. ಹೇಳಲಿಲ್ಲ.

ಅವನು ಉಳಿ ಸುತ್ತಿಗೆ ತಂದ. ತಪ್ಪು ಜಾಯಿಂಟ್ ಹುಡುಕಿ ಈಗಲೇ ತಿದ್ದುತ್ತೇನೆಂದು ಗೋಡೆ ಸವರತೊಡಗಿದ. ಒಂದು ಕಡೆ ಒಡೆದ, ಬರಿ ಪೈಪು. ಇನ್ನೊಂದು ಕಡೆ ಒಡೆದ, ಅಲ್ಲೂ ಪೈಪು. ಮೂರನೆಯ ಹೊಡೆತಕ್ಕೆ ಕಲ್ಲು ಮೇಲಿನಿಂದ ಕೆಳಗಿನತನಕ ಸೀಳಿತು.

"ನಾ ಮಾಡಿದ್ದು ನನಗೇ ಸಿಗವಲ್ದು," ಎಂದು ಉಳಿ ಕೆಳಗಿಟ್ಟ. ಶರಣಮ್ಮ ಸೆರಗು ಬಾಯಿಗೆ ಹಿಡಿದು ಹಿತ್ತಲಿಗೆ ಹೋದಳು. ಅಲ್ಲಿ ಮೂವರಲ್ಲಿ ಯಾರ ಕೈಯಿಂದಲೂ ಏನೂ ಆಗುವಂತಿರಲಿಲ್ಲ.

ರಿಪೋರ್ಟಿನಲ್ಲಿ ಷರಾ ಬರೆಯಬೇಕಿತ್ತು. "ಏನಂತ ಬರೀತೀರಿ?" ಎಂದು ಸಾಯಬಣ್ಣ ಕೇಳಿದ. ಕೆಲಸ ಮಾಡಿದವನಿಗೆ ಬಣ್ಣ ಕಾಣುವುದಿಲ್ಲ ಎಂದು ಬರೆದರೆ ಆ ಹಾಳೆ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ಹತ್ತು ಕೈ ದಾಟಿ, ಸಂಜೆಯೊಳಗೆ ಅಡ್ಡೆಗೆ ಮುಟ್ಟುತ್ತಿತ್ತು. "ಜಾಯಿಂಟುಗಳು ಪರೀಕ್ಷೆಗೆ ಸಿಗುವಂತಿಲ್ಲ" ಎಂದಷ್ಟೇ ಬರೆದೆ. ಗೋಡೆಯ ಮೇಲೇ ಪೈಪು ಹಾಕಿ, ಪ್ರತಿ ಜಾಯಿಂಟಿಗೆ ಪೆಟ್ಟಿಗೆ ಇಟ್ಟು, ಬಣ್ಣದ ಕೆಲಸವನ್ನೆಲ್ಲ ಶರಣಮ್ಮನೇ ಮಾಡಬೇಕು ಎಂದು ಹೇಳಿದೆ. ಎರಡು ತಾಸು ಕುಂತು ಅವಳಿಗೆ ಜಾಯಿಂಟ್ ಕಟ್ಟುವುದು ಕಲಿಸಿದೆ. ನಾಲ್ಕೂಕಾಲಿನ ಗಾಡಿ ಹೋಗಿತ್ತು.

"ಮುಗದ ಕೂಡಲೇ ಒಂದು ಕಾರ್ಡ್ ಹಾಕವಾ. ಮರುದಿನ ಬರ್ತೀನಿ," ಎಂದು ಹೇಳಿಯೇ ಹೊರಟೆ.

ಕಾರ್ಡು ಮೇ ತಿಂಗಳ ಮೂರನೇ ವಾರ ಬಂತು. ಅದೇ ದುಂಡಗಿನ ಅಕ್ಷರ. "ಎಲ್ಲಾ ತೆರೆದು ಇಟ್ಟೀವಿ. ಜಲ್ದಿ ಬರ್ರಿ." ಆದಿತ್ಯನಗರದಲ್ಲಿ ಆಗ ಒಂದೇ ಸಲಕ್ಕೆ ನಲವತ್ತು ಮನೆಗಳ ಪರೀಕ್ಷೆ ಬಿದ್ದಿತ್ತು. ಕಾರ್ಡನ್ನು ಡೈರಿಯೊಳಗೆ ಇಟ್ಟೆ. ಜಲ್ದಿ ಬರ್ರಿ ಎಂದು ಬರೆಯದವರು ಯಾರು? ಬರುವ ವಾರ ಎಂದುಕೊಂಡೆ. ಆ ವಾರ ಸೇಡಂ, ಮುಂದಿನ ವಾರ ಚಿಂಚೋಳಿ, ಆಮೇಲೆ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಡೈರಿ ತೆಗೆದಾಗೆಲ್ಲ ಕಾರ್ಡು ಕಾಣುತ್ತಿತ್ತು. ಮರೆತಿದ್ದೆ ಎಂದು ನಾನು ಹೇಳಲಾರೆ. ಏಳು ವಾರ ಕಳೆದವು.

ಜುಲೈ ಎರಡನೇ ವಾರ ಹೋದೆ. ಶರಣಮ್ಮ ಬಾಗಿಲಲ್ಲಿ ನಿಂತು, "ಬರ್ರಿ ಸಾಹೇಬ್ರ, ಕುಂದ್ರಿ," ಎಂದು ನೀರು ಕೊಟ್ಟಳು. ಯಾಕೆ ತಡವಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ಸಾಯಬಣ್ಣ ಗೋಡೆಗೆ ಆತು ಕುಂತಿದ್ದ. ವಾರದ ದಿನ, ಹಗಲು ಹನ್ನೆರಡು ಗಂಟೆ. ಅಡ್ಡೆಯಲ್ಲಿ ಇರಬೇಕಾದ ಹೊತ್ತು.

"ಇವತ್ತ ಕೆಲಸಕ್ಕ ಹೋಗಿಲ್ಲೇನು?"

"ಬಿಡಿಸ್ಯಾರ್ರಿ," ಎಂದ. "ಹದಿನೈದು ದಿನ ಆತು. ನೀಲಿ ಲೋಡಿನ್ಯಾಗ ಹಳದಿ ಹೋಗಿತ್ತು. ಅವರದೇನ್ ತಪ್ಪಿಲ್ರಿ. ಇಪ್ಪತ್ತೆರಡು ವರ್ಷ ಇಟಗೊಂಡಿದ್ರು."

ಮನೆಯ ಗೋಡೆಯ ಮೇಲೆ ಪೈಪು ಸಾಲಾಗಿ ಹೋಗಿದ್ದವು. ಹದಿನೇಳು ಜಾಯಿಂಟ್, ಹದಿನೇಳು ಪೆಟ್ಟಿಗೆ, ಹದಿನೇಳು ಮುಚ್ಚಳವೂ ಬಿಚ್ಚಿ ಇಟ್ಟಿದ್ದವು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಹಸಿರಿಗೆ ಹಸಿರು. ನಾನು ತೋರಿಸಿದ್ದಕ್ಕಿಂತ ಚೆನ್ನಾಗಿ ಕಟ್ಟಿದ್ದಳು. ಆ ಸಲ ಯಾವುದನ್ನೂ ಬಿಡಲಿಲ್ಲ, ಮೂರನೇ ಖೋಲಿಯಿಂದಲೇ ಶುರು ಮಾಡಿದೆ. ಗಂಟೆ ಎಲ್ಲ ಕಡೆ ಬಾರಿಸಿತು. ಸಹಿ ಹಾಕಿದೆ.

ಹಾಳೆಯನ್ನು ಅವರ ಕೈಗೆ ಕೊಟ್ಟು ಬರುವುದು ರೂಢಿ. ಅವತ್ತು ನಾನೇ ಸೆಕ್ಷನ್ ಆಫೀಸಿಗೆ ಒಯ್ದೆ. ಅಲ್ಲಿ ಕುಂತು, ಕೈಮುಗಿದು, ಒಬ್ಬ ಲೈನ್‌ಮನ್‌ನನ್ನು ಕರೆದುಕೊಂಡು ಬಂದೆ. ನಾಲ್ಕು ಗಂಟೆಗೆ ಅವನು ಕಂಬ ಹತ್ತಿ ಫ್ಯೂಸ್ ಹಾಕಿದ. ಒಂದೇ ದಿನದಲ್ಲಿ ಇಷ್ಟೆಲ್ಲ ಆಗುತ್ತದೆ ಎನ್ನುವುದು ನನಗೂ ಅವತ್ತೇ ತಿಳಿದದ್ದು.

ಮೂರನೇ ಖೋಲಿಗೆ ಕಿಟಕಿ ಇರಲಿಲ್ಲ. ದೀಪದ ಕಂಬ ಮಧ್ಯದಲ್ಲಿತ್ತು, ಪಕ್ಕದಲ್ಲಿ ಕಲ್ಲಿನ ಚೂರುಗಳ ತಟ್ಟೆ. ಸಾಯಬಣ್ಣ ಕಂಬದ ಮುಂದೆ ಬಂದು ನಿಂತ. ನಾನು ಮೊದಲು ಕಬ್ಬಿಣಕ್ಕೆ ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಶರಣಮ್ಮನಿಗೆ ಸ್ವಿಚ್ ಹಾಕಲು ಹೇಳಿದೆ. ಹಾಕಿದಳು. ಇನ್ನೂರು ವ್ಯಾಟಿನ ಬೆಳಕು ಕಣ್ಣಿಗೆ ಹೊಡೆದು ನಾನು ಮುಖ ತಿರುಗಿಸಿದೆ. ಸಾಯಬಣ್ಣ ಹಾಗೆಯೇ ನಿಂತಿದ್ದ. ಬಲ್ಬು ಅವನ ಮುಖದಿಂದ ಒಂದು ಮೊಳ ದೂರದಲ್ಲಿತ್ತು.

"ಬಂತೇನ್ರಿ?" ಎಂದು ಕೇಳಿದ.

ಶರಣಮ್ಮ ಅವನ ಕೈ ಹಿಡಿದು ಬಲ್ಬಿನ ಹತ್ತಿರ ಒಯ್ದಳು. ಕಾವು ಅಂಗೈಗೆ ತಾಕಿತು.

"ಹಾಂ, ಬಂದದ," ಎಂದ. ಆಮೇಲೆ ನನ್ನ ಕಡೆ, ಅಂದರೆ ನಾನಿರಬಹುದು ಎಂದು ಅವನು ಅಂದುಕೊಂಡ ಕಡೆ ತಿರುಗಿ, "ಛಲೋ ಆತು ಸಾಹೇಬ್ರ. ಮನಿಯೊಳಗ ಆಕಿಗೆ ಬೇಕಲ್ರಿ," ಎಂದ.

ನಾನು ಮೂವತ್ತೊಂದು ವರ್ಷ ಆ ಕೆಲಸ ಮಾಡಿದೆ. ಫೆಬ್ರವರಿಯಲ್ಲಿ ಸಹಿ ಹಾಕದಿದ್ದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಹಾಕಿದ್ದರೆ ಅದು ಸಾವಿಗೆ ಹಾಕಿದ ಸಹಿ ಆಗುತ್ತಿತ್ತು. ಅವತ್ತು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೇ ತಿಂಗಳಲ್ಲಿ ಇತ್ತು. ಒಂದು ಪ್ಯಾಸೆಂಜರ್ ಗಾಡಿ ಹತ್ತುವಷ್ಟು ಇತ್ತು. ಆ ಏಳು ವಾರದಲ್ಲಿ ಅವನ ಕೈ ಗುಲಾಬಿ ಕಲ್ಲನ್ನೂ ಕಲಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಲಿಯದೆಯೂ ಇರಬಹುದಿತ್ತು ಎಂದು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ಬಹಳ ಸಲ ನೋಡಿದ್ದೇನೆ, ಆಗಿಲ್ಲ.

ನಿವೃತ್ತಿಯಾಗುವವರೆಗೆ ಆಮೇಲೆ ಬಂದ ಯಾವ ಕಾರ್ಡೂ ನನ್ನ ಡೈರಿಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ಎರಡು ಮಾತು ತಪ್ಪದೆ ಹೇಳುತ್ತಿದ್ದೆ. ನಿಮಗೆ ಗೊತ್ತಿದೆ ಎಂದು ಜನಕ್ಕೂ ಗೊತ್ತಿರುತ್ತದೆ ಅಂದುಕೊಳ್ಳಬೇಡಿ, ಜಾಯಿಂಟ್ ಮುಚ್ಚಬೇಡಿ ಎಂದು ಬಾಯಿಬಿಟ್ಟು ಹೇಳಿ. ಮತ್ತು ಕರೆದ ದಿನ ಹೋಗಿ. ಟೆಸ್ಟ್ ರಿಪೋರ್ಟಿನಲ್ಲಿ ಹನ್ನೊಂದು ಕಾಲಂ ಇರುತ್ತವೆ. ಸಾಯಬಣ್ಣನ ಮನೆಯ ರಿಪೋರ್ಟಿನಲ್ಲಿ ನಾನು ಬರೆದದ್ದೆಲ್ಲ ಸರಿಯಾಗಿಯೇ ಇತ್ತು, ಕೊನೆಯಲ್ಲಿ ಹಾಕಿದ ಜುಲೈ ತಿಂಗಳ ತಾರೀಖು ಒಂದನ್ನು ಬಿಟ್ಟು.